ಫ್ಲೋಯ್ಡ್‌ನ ಐದನೆಯ ಫೌಲ್

ಕಾದ ರಬ್ಬರಿನ ವಾಸನೆ. ಸಾನ್ವಿ ಚಿಕ್ಕವಳಿದ್ದಾಗ ಚಪ್ಪಲಿ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಅಪ್ಪನ ಅಂಗಿಯಲ್ಲೆಲ್ಲ ಅದೇ ಇರುತ್ತಿತ್ತು. ಸಂಜೆ ಆ ಅಂಗಿಗೆ ಮುಖವೊತ್ತಿದರೆ ದಿನದ ಭಯವೆಲ್ಲ ಇಳಿಯುತ್ತಿತ್ತು. ಕಡಲಾಚೆಯ ಊರು ಪಂಗಾನಿಯ ಈ ಬ್ಯಾಸ್ಕೆಟ್‌ಬಾಲ್ ಕೋರ್ಟಿನಲ್ಲೂ ಅದೇ ವಾಸನೆ. ಇಲ್ಲಿ ಮಾತ್ರ ಎದೆ ಹೊಡೆದುಕೊಳ್ಳುತ್ತದೆ.

ಅವಳು ಸ್ಕೋರ್ ಟೇಬಲ್‌ನಲ್ಲಿ ಕೂರುವವಳು. ಯಾರಾದರೂ ಫೌಲ್ ಮಾಡಿದರೆ ಅದು ಅವರ ಎಷ್ಟನೆಯದೆಂದು ನಂಬರಿನ ಹಲಗೆ ಎತ್ತಿ ತೋರಿಸಬೇಕು. ಐದಾದರೆ ಆಟಗಾರ ಹೊರಗೆ. ಈ ಸೀಸನ್‌ನಲ್ಲಿ ಅವಳು ಹೆಚ್ಚು ಸಲ ಐದು ಎತ್ತಿದ್ದು ಮಂಗಳೂರಿನಿಂದ ಬಂದ ಫ್ಲೋಯ್ಡ್‌ಗೆ. ಎದುರಾಳಿಯ ಹತ್ತಿರ ಚೆಂಡು ಕಂಡರೆ ಅವನ ಕೈ ಸುಮ್ಮನಿರದು.

ವಾರ್ಮ್‌ಅಪ್ ಮುಗಿಸಿ ಅವನು ಟೇಬಲ್ ಮೇಲೆ ಬಗ್ಗಿದ.

"ಎಂತ ಮಾರಾಯ್ತಿ, ಐದರ ಹಲಗೆ ಒರೆಸಿ ಇಟ್ಟಿದ್ದೀಯಾ?"

"ಧೂಳಿತ್ತು."

"ನನ್ನನ್ನು ಹೊರಗೆ ಹಾಕ್ಲಿಕ್ಕೆ ಅಷ್ಟು ಖುಷಿ. ಕಾಫಿಗೆ ಕರೆದ್ರೆ ಮಾತ್ರ ಬರುದಿಲ್ಲ."

"ಹೋಗಿ ಆಡು, ಫ್ಲೋಯ್ಡ್. ಇಲ್ಲಿ ನಿಂತು ಮಾತಾಡೋ ಹಾಗಿಲ್ಲ."

ಅವನ ನಗು ಆರಿತು. "ಇವತ್ತು ಐದಾದ್ರೆ ಮುಗೀತು. ಮುಂದಿನ ವಾರದಿಂದ ನನ್ನ ಜಾಗದಲ್ಲಿ ಸುಜಯ್ ಸ್ಟಾರ್ಟರ್, ನಾನು ಬೆಂಚಿಗೆ ಅಂತ ಕೋಚ್ ಹೇಳಿ ಆಗಿದೆ."

ಅವಳಿಗೆ ಗೊತ್ತಿತ್ತು. ಅಭ್ಯಾಸ ಮುಗಿದು ಎಲ್ಲರೂ ಹೋದ ಮೇಲೆ ಅವನು ಬೆನ್ನ ಹಿಂದೆ ಎರಡೂ ಕೈಯಲ್ಲಿ ಟವೆಲ್ ಹಿಡಿದು, ಬರೀ ಕಾಲಿನಿಂದ ಎದುರಾಳಿಯನ್ನು ತಡೆಯಲು ಕಲಿಯುತ್ತಿದ್ದುದನ್ನು ನೋಡಿದ್ದಳು. ಎದುರಾಳಿಯಾಗಿ ನಿಂತು ಕಲಿಸುತ್ತಿದ್ದವನು ಆ ಸುಜಯ್‌ನೇ. ತನಗೆ ಸಿಗಬಹುದಾದ ಜಾಗವನ್ನು ಉಳಿಸಿಕೊಳ್ಳುವುದು ಹೇಗೆಂದು ಗೆಳೆಯನಿಗೆ ಹೇಳಿಕೊಡುತ್ತಿದ್ದ.

ಆಟ ಶುರುವಾಯಿತು. ಮೂರನೆಯ ಕ್ವಾರ್ಟರ್ ಮುಗಿಯುವಷ್ಟರಲ್ಲಿ ಫ್ಲೋಯ್ಡ್‌ಗೆ ಮೂರು ಫೌಲ್. ಕೊನೆಯ ಕ್ವಾರ್ಟರ್‌ನ ಮೊದಲಲ್ಲೇ ಮತ್ತೊಂದು ಸೀಟಿ. ಸಾನ್ವಿ ನಾಲ್ಕು ಎತ್ತಿದಳು. ಇನ್ನೊಂದು ಕೈ ಐದರ ಹಲಗೆಯನ್ನು ಪಕ್ಕಕ್ಕೆ ತಳ್ಳಿತು. ಅವನು ನಾಲ್ಕರ ಹಲಗೆಯನ್ನಲ್ಲ, ಅವಳ ಆ ಕೈಯನ್ನು ನೋಡಿದ.

ಬೆಂಚಿನಲ್ಲಿ ಸುಜಯ್ ಅಭ್ಯಾಸಬಲದಿಂದ ಎದ್ದ. ಕೋಚ್ ಅವನ ಭುಜ ಒತ್ತಿ ಕೂರಿಸಿದರು.

"ಪೋಲೆ ಪೋಲೆ, ಫ್ಲೋಯ್ಡ್!" ಎಂದು ಇಲ್ಲಿನ ಭಾಷೆಯಲ್ಲಿ ಕೂಗಿದರು. ನಿಧಾನ, ನಿಧಾನ.

ಮೊದಲ ಸಲ, ನಾಲ್ಕಾದ ಮೇಲೂ ಅವನನ್ನು ಒಳಗೆ ಬಿಟ್ಟಿದ್ದರು.

ಕೊನೆಯ ಗಳಿಗೆ. ಫ್ಲೋಯ್ಡ್‌ನ ತಂಡಕ್ಕೆ ಒಂದೇ ಪಾಯಿಂಟಿನ ಮುನ್ನಡೆ. ಎದುರು ತಂಡದ ಎತ್ತರದ ಹುಡುಗ ಚೆಂಡು ಪುಟಿಸುತ್ತ ನೇರ ಫ್ಲೋಯ್ಡ್ ಮೇಲೆ ಬಂದ. ಸಾನ್ವಿಯ ಬೆರಳು ತಾನಾಗಿ ಐದರ ಹಲಗೆಯ ಹಿಡಿ ಮುಟ್ಟಿತು. ಬೇಡ, ಕೈ ಹಾಕಬೇಡ. ಫ್ಲೋಯ್ಡ್‌ನ ಬಲಗೈ ಮಿಸುಕಿತು. ಚೆಂಡಿನ ಕಡೆಗೆ ಚಾಚಲಿಲ್ಲ, ನೆಟ್ಟಗೆ ಮೇಲೆದ್ದಿತು. ಕಾಲು ಮಾತ್ರ ಸರಿಯಿತು, ಎದೆ ಅಡ್ಡ ನಿಂತಿತು. ಹುಡುಗ ಎಗರಿ ಎಸೆದ. ಚೆಂಡು ರಿಂಗಿಗೆ ಬಡಿದು ಹೊರಗೆ ಹಾರಿತು.

ಸೀಟಿ ರೆಫರಿಯ ಬಾಯಲ್ಲೇ ಇತ್ತು. ಅವರು ಊದಲಿಲ್ಲ. ಬಜರ್ ಹೊಡೆಯಿತು.

ಎಲ್ಲರಿಗಿಂತ ಮೊದಲು ಓಡಿಬಂದು ಅವನನ್ನು ಎತ್ತಿಕೊಂಡವನು ಸುಜಯ್.

ಜನ ಕರಗಿದ ಮೇಲೆ ಫ್ಲೋಯ್ಡ್ ಟೇಬಲ್ ಹತ್ತಿರ ಬಂದ. "ಐದು ಎತ್ಲಿಕ್ಕೆ ಸಿಗ್ಲಿಲ್ಲ. ಬೇಜಾರಾ?"

"ಮುಂದಿನ ಶನಿವಾರ ನಾನು ಈ ಟೇಬಲ್‌ನಲ್ಲಿ ಇರಲ್ಲ."

"ಅಯ್ಯೋ, ತಮಾಷೆಗೆ ಹೇಳಿದ್ದು ಮಾರಾಯ್ತಿ!"

"ಲೀಗ್‌ನಲ್ಲಿ ರೂಲ್ ಇದೆ. ನಮ್ಮವರು ಅನ್ನೋರು ಆಡುವಾಗ ನಾವು ಟೇಬಲ್‌ನಲ್ಲಿ ಕೂರಬಾರದು. ಅವತ್ತು ಕಾಫಿಗೆ ಬಂದಿದ್ರೆ ಅವತ್ತೇ ಬಿಡಬೇಕಿತ್ತು."

"ಈಗ?"

"ಈಗ ಬಿಟ್ಟೆ. ರೆಫರಿಗೆ ಹೇಳ್ಬಿಟ್ಟೆ." ಅವಳು ತಲೆಯೆತ್ತಿದಳು. "ಇನ್ಮೇಲೆ ಸ್ಟ್ಯಾಂಡ್‌ನಲ್ಲಿ ಕೂತು ಜೋರಾಗಿ ಕಿರುಚ್ತೀನಿ. ಪರ್ವಾಗಿಲ್ವಾ?"

ಬೆಳಿಗ್ಗೆಯಿಂದ ಸಾಲು ಮ್ಯಾಚ್‌ಗಳಲ್ಲಿ ಅವಳು ಊಟಕ್ಕೂ ಕುರ್ಚಿ ಬಿಟ್ಟು ಏಳದಿದ್ದುದನ್ನು ಅವನು ನೋಡಿದ್ದ. ಬ್ಯಾಗಿನಿಂದ ತನ್ನ ಪಾಲಿನ ಚಪಾತಿ, ಹೆಸರುಕಾಳಿನ ಪೊಟ್ಟಣ ತೆಗೆದು, ಇನ್ನೂ ಬೆಚ್ಚಗಿದೆಯೇ ಎಂದು ಅಂಗೈಯಲ್ಲಿ ಮುಟ್ಟಿ ನೋಡಿ, ಅವಳ ಕೈಗಿತ್ತ.