ಪಟದ ಕೆಳಗಿನ ಅಕ್ಷತೆ

ಸೋಮವಾರ ಬೆಳಿಗ್ಗೆ ಅಜ್ಜಂಪುರ ಠಾಣೆಯಲ್ಲಿ ಕಸ ಗುಡಿಸಿ ಮುಗಿಯುವ ಮೊದಲೇ ನಿವೃತ್ತ ವಕೀಲ ಕೃಷ್ಣಸ್ವಾಮಿ ದೂರು ಬರೆದುಕೊಂಡು ಬಂದು ಕುಳಿತಿದ್ದರು. ಅವರ ನಡುಮನೆಯ ಗೋಡೆಯಲ್ಲಿ ತಲೆಮಾರುಗಳಿಂದ ತೂಗುತ್ತಿದ್ದ ಶ್ರೀರಂಗಪಟ್ಟಣದ ನಕ್ಷೆ ಕಳುವಾಗಿತ್ತು. ಬಟ್ಟೆಯ ಮೇಲೆ ಬಣ್ಣದಲ್ಲಿ ಬರೆದದ್ದು. ಸುತ್ತ ಕಾವೇರಿ, ಕೋಟೆ, ಆನೆ, ಕುದುರೆ, ನಡುವೆ ಮಲಗಿದ ರಂಗನಾಥ. ಆ ವಾರವೇ ಅದು ಮೈಸೂರಿನ ಸಂಗ್ರಹಾಲಯವೊಂದಕ್ಕೆ ಹೋಗಬೇಕಿತ್ತು. ಅಲ್ಲಿನವರು ಬಂದು ನೋಡಿ, ಶುಚಿ ಮಾಡಿ ಗಾಜಿನೊಳಗೆ ಇಡುತ್ತೇವೆಂದು ಹೇಳಿಹೋಗಿದ್ದರು. ಭಾನುವಾರ ಮನೆಯವರೆಲ್ಲ ದಾಯಾದಿಗಳ ಮನೆಯ ಹೊಸ ಮಗುವನ್ನು ನೋಡಲು ಕಡೂರಿಗೆ ಹೋಗಿ ಬರುವಷ್ಟರಲ್ಲಿ ಪಟ ಮಾಯವಾಗಿತ್ತು.

ಪಿಎಸ್‌ಐ ಅಮೂಲ್ಯಾ ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೇಬಲ್ ತೀರ್ಥಪ್ಪನೊಂದಿಗೆ ಸ್ಥಳ ಪಂಚನಾಮೆಗೆ ಹೋದಳು. ಬೀಗ ಮುರಿದಿರಲಿಲ್ಲ, ಕೀಲಿ ಎಂದಿನಂತೆ ತುಳಸಿಕಟ್ಟೆಯ ಗೂಡಿನಲ್ಲೇ ಇತ್ತು. ಚೌಕಟ್ಟನ್ನು ಜೋಪಾನವಾಗಿ ಗೋಡೆಗೆ ಒರಗಿಸಿ, ನಕ್ಷೆಯನ್ನಷ್ಟೇ ಬಿಡಿಸಿಕೊಂಡು ಹೋಗಿದ್ದರು. ಕೆಳಗೆ ನೆಲದ ಮೇಲೆ ನಾಲ್ಕೈದು ಅಕ್ಷತೆಯ ಕಾಳು ಬಿದ್ದಿದ್ದವು.

ಕೃಷ್ಣಸ್ವಾಮಿಯವರಿಗೆ ಹಳೇ ಸಾಮಾನಿನ ವ್ಯಾಪಾರಿಗಳ ಮೇಲೆ ಗುಮಾನಿ. ತೀರ್ಥಪ್ಪ ಕಡೂರು, ತರೀಕೆರೆಯ ಅಂಗಡಿಗಳನ್ನೆಲ್ಲ ಜಾಲಾಡಿ ಬರಿಗೈಲಿ ಬಂದ. ಅಮೂಲ್ಯಾಳ ತಲೆಯಿಂದ ಮಾತ್ರ ಆ ಅಕ್ಷತೆ ಇಳಿಯಲಿಲ್ಲ. ಮತ್ತೆ ಹೋಗಿ ಕೃಷ್ಣಸ್ವಾಮಿಯವರ ಸೊಸೆ ಶ್ರೀವಾಣಿಯನ್ನು ಕೇಳಿದಳು.

“ಪೂಜೆ ಮಾಡಿದ್ರಾ?”

“ಇಲ್ಲ ಮೇಡಂ. ಕಡೂರಿನ ಮಗು ಹುಟ್ಟಿದಾಗಿಂದ ನಮಗೆ ಪುರುಡು. ಹತ್ತು ದಿನ ದೇವರ ದೀಪಾನೂ ಹಚ್ಚಲ್ಲ. ಅಕ್ಷತೆ ಎಲ್ಲಿಂದ ಬರುತ್ತೆ?”

ಹಾಗಂದವಳು ಏನೋ ನೆನಪಾಗಿ, ದೇವರಿರುವ ಪಟವನ್ನು ಇಳಿಸುವ ಮುನ್ನ ಅಕ್ಷತೆ ಹಾಕಿ, ಹೋಗಿ ಬಾ ಎಂದು ಕದಲಿಸುವುದು ಈ ಮನೆಯ ರೂಢಿ ಎಂದಳು. ಅಮೂಲ್ಯಾ ಲಿಂಗ ಕಟ್ಟಿದವರ ಮನೆಯ ಹುಡುಗಿ. ಅವರಲ್ಲಿ ಹುಟ್ಟಿಗೆ ಮೈಲಿಗೆಯಿಲ್ಲ. ಬಿಡಿಸಿಯೇ ಕೇಳಬೇಕಾಯಿತು.

“ಈ ರೂಢಿ ಗೊತ್ತಿದ್ದೂ ಪುರುಡು ತಾಗದವರು ಯಾರು?”

“ಮದುವೆಯಾಗಿ ಹೋದ ಹೆಣ್ಣುಮಕ್ಕಳು,” ಎಂದ ಶ್ರೀವಾಣಿ ಬಾಯಿಗೆ ಸೆರಗು ಒತ್ತಿಕೊಂಡಳು. ಮಾವನವರಿಗೆ ಇದ್ದದ್ದು ಒಬ್ಬಳೇ ತಂಗಿ, ತರೀಕೆರೆಯ ಶಾರದಾಂಬಾ.

ಶಾರದಾಂಬಾ ನಿವೃತ್ತ ಶಾಲಾ ಶಿಕ್ಷಕಿ. ಬಾಗಿಲು ತೆರೆದವರು ಏನೂ ಮುಚ್ಚಿಡಲಿಲ್ಲ. ಒಳಗೆ ಮಂಚದ ಮೇಲೆ, ಮಡಿ ಪಂಚೆ ಹಾಸಿ, ನಕ್ಷೆಯನ್ನು ಹರಡಿದ್ದರು.

“ಯಾಕಮ್ಮ ತಂದ್ರಿ?”

ಶಾರದಾಂಬಾ ಕಾವೇರಿಯ ದಂಡೆ ತೋರಿಸಿದರು. ಅಲ್ಲಿ ಆನೆಗಿಂತ ದೊಡ್ಡವಳಾಗಿ, ಎರಡು ಜಡೆಯ ಹುಡುಗಿಯೊಬ್ಬಳು ಪೆನ್ಸಿಲ್ ಗೆರೆಯಲ್ಲಿ ನಿಂತಿದ್ದಳು.

“ನನ್ನ ಮಗಳು ಅನ್ವಿತಾ ಬರೆದದ್ದು. ಆಗ ಏಳು ವರ್ಷ. ಈ ಊರಲ್ಲಿ ಹುಡುಗೀರೇ ಇಲ್ವಲ್ಲಮ್ಮ ಅಂತ ತನ್ನನ್ನೇ ಬರೆದುಬಿಟ್ಟಿದ್ಲು.”

ಅದೇ ವರ್ಷ ಮೆದುಳುಜ್ವರ ಬಂದು ಮಗು ಹೋಯಿತು. ಮೊನ್ನೆ ಸಂಗ್ರಹಾಲಯದವರು, ಮೊದಲು ಈ ಪೆನ್ಸಿಲ್ ಕಲೆ ತೆಗೆಯುತ್ತೇವೆ ಎಂದಾಗ ಶಾರದಾಂಬಾ ಅಲ್ಲೇ ಕಾಫಿ ಲೋಟ ಹಿಡಿದು ನಿಂತಿದ್ದರು. ಅಣ್ಣ ಹೂಂ ಎಂದಿದ್ದ.

“ಅಣ್ಣನಿಗೆ ಒಂದು ಮಾತು ಹೇಳಬಹುದಿತ್ತಲ್ಲ?”

“ಬರೆದದ್ದಕ್ಕೆ ಅಣ್ಣ ಮಗೂನ ಗದರಿಸಿದ್ದ. ಆಮೇಲೆ ಅದು ಆ ಮನೇಗೆ ಹೋಗಲೇ ಇಲ್ಲ, ಅಷ್ಟರಲ್ಲೇ ತೀರಿಹೋಯ್ತು. ಈ ವಯಸ್ಸಲ್ಲಿ ಅವನಿಗೆ ಅದನ್ನ ಹೇಗಮ್ಮ ನೆನಪಿಸಲಿ?”

ಅಮೂಲ್ಯಾ ನಕ್ಷೆಯನ್ನು ಅದೇ ಪಂಚೆಯಲ್ಲಿ ಜೋಪಾನವಾಗಿ ಸುತ್ತಿದಳು. ಆಮೇಲೆ ಮಹಿಳಾ ಪೇದೆಯನ್ನು ಕರೆಸಿ ಶಾರದಾಂಬಾ ಅವರನ್ನು ದಸ್ತಗಿರಿ ಮಾಡಿದಳು. ಜೀಪು ಅಮೃತಾಪುರದ ಕೈಮರ ದಾಟಿ ಅಜ್ಜಂಪುರಕ್ಕೆ ಬಂತು.

ತಂಗಿಯನ್ನು ಠಾಣೆಯ ಬೆಂಚಿನ ಮೇಲೆ ಕಂಡ ಕೃಷ್ಣಸ್ವಾಮಿ, ದೂರು ವಾಪಸು ತೆಗೆದುಕೊಳ್ಳುತ್ತೇನೆ ಎಂದರು. ಅದು ಇನ್ನು ಕೋರ್ಟಿನಲ್ಲೇ ಆಗಬೇಕೆಂಬುದು ಆ ವಕೀಲರಿಗೇ ಚೆನ್ನಾಗಿ ಗೊತ್ತಿತ್ತು. ಆಮೇಲೆ ಮೇಜಿನ ಮೇಲಿದ್ದ ನಕ್ಷೆಗೆ ಬಗ್ಗಿ, ಕನ್ನಡಕ ಒರೆಸಿಕೊಂಡು, ಬಹಳ ಹೊತ್ತು ನೋಡಿದರು.

“ನಾನು ಮರೆತೇಬಿಟ್ಟಿದ್ದೆ ಕಣೇ, ಶಾರದಾ.”

“ಮರೆತಿರ್ಲಿ ಅಂತಾನೇ ಸುಮ್ನಿದ್ದೆ, ಅಣ್ಣ.”

ಆ ಹಿರಿಯರು ಪೊಲೀಸರೆದುರು ನಾಚಿಕೆಯಿಲ್ಲದೆ ಅತ್ತರು. ಸೀಲು ಹಾಕುವ ಮೊದಲು ಮಾಲಿನ ವಿವರ ಬರೆಯುತ್ತಿದ್ದ ತೀರ್ಥಪ್ಪ ಕೋಟೆ, ಆನೆ, ಕುದುರೆ ಎಲ್ಲ ಬರೆದು ಮುಗಿಸಿ, ನದಿಯ ದಂಡೆಗೆ ಬಂದು ಪೆನ್ನು ನಿಲ್ಲಿಸಿದ.

“ಕಲೆ ಅಂತ ಬರೀಲಾ ಮೇಡಂ?”

“ಹುಡುಗಿ ಅಂತ ಬರೀರಿ,” ಎಂದಳು ಅಮೂಲ್ಯಾ.

ಕೇಸು ಮುಗಿಯುವವರೆಗಾದರೂ ಅವಳನ್ನು ಇನ್ನು ಯಾರೂ ಅಳಿಸುವಂತಿರಲಿಲ್ಲ.