ಹೊಂಡದ ಆಚೆಯ ಮಗ್ಗ

“ಇವತ್ತೂ ಉಣ್ಣಂಗಿಲ್ಲೇನ?”

ರೊಟ್ಟಿ ಮುರಿಯುತ್ತ ಲಗಮವ್ವ ಕೇಳಿದಳು. ಕಾಸಿಂಬಿ ಡಬ್ಬಿಯ ಮುಚ್ಚಳ ತೆಗೆದಳು, ಒಳಗೆ ನೋಡಿದಳು, ಮತ್ತೆ ಮುಚ್ಚಿಬಿಟ್ಟಳು.

“ಹಸಿವಿಲ್ಲ.”

“ನಿನ್ನೀನೂ ಹಿಂಗ ಅಂದಿ. ಮೊನ್ನೀನೂ ಹಿಂಗ ಅಂದಿ. ನಿನಗ ಹೊಟ್ಟಿ ಐತೋ ಇಲ್ಲೋ?”

ಬೇರೆ ಯಾರಾದರೂ ಆಗಿದ್ದರೆ ನಗುತ್ತಿದ್ದರು. ಕಾಸಿಂಬಿ ನಗಲಿಲ್ಲ. ಸಾಲೆಯ ಬೇವಿನ ಮರದ ಕೆಳಗೆ ಹುಡುಗರು ಗೋಲಿ ಆಡುವುದನ್ನು ನೋಡುತ್ತ ಕುಳಿತಳು. ನಿದ್ದೆಗೆಟ್ಟು ಅವಳ ಕಣ್ಣುಗಳು ಕೆಂಪಾಗಿದ್ದವು.

ಕಾಸಿಂಬಿ ಇಳಕಲ್ಲಿನ ಹುಡುಗಿ. ಅವಳ ಅಪ್ಪ ಇಬ್ರಾಹಿಂಸಾಬ ಮಗ್ಗದಲ್ಲಿ ಸೀರೆ ನೇಯುತ್ತಿದ್ದ. ಬೆನ್ನು ನೋವು ಜಾಸ್ತಿಯಾಗಿ ನೇಯ್ಗೆ ಬಿಟ್ಟು ಬದಾಮಿಯ ಬಟ್ಟೆ ಅಂಗಡಿಯಲ್ಲಿ ಕೆಲಸ ಹಿಡಿದಿದ್ದ. ಹಾಗಾಗಿ ಹೋದ ತಿಂಗಳು ಮನೆಯವರೆಲ್ಲ ಇಲ್ಲಿಗೆ ಬಂದಿದ್ದರು. ದಾದಿ ಮಾತ್ರ, ಅಂದರೆ ಕಾಸಿಂಬಿಯ ಅಜ್ಜಿ, ತನ್ನ ಮಗ್ಗ ಬಿಟ್ಟು ಬರಲು ಒಪ್ಪಿರಲಿಲ್ಲ.

ಲಗಮವ್ವನ ಬೆಂಚಿನಲ್ಲಿ ಯಾರೂ ಕೂರುತ್ತಿರಲಿಲ್ಲ. ಅವಳ ಬಾಯಿಗೆ ಬೀಗವೇ ಇಲ್ಲ ಎಂದು ಕ್ಲಾಸಿನವರೆಲ್ಲ ಹೇಳುತ್ತಿದ್ದರು. ಅದೇನೂ ಸುಳ್ಳಲ್ಲ. ಹೊಸ ಹುಡುಗಿಯನ್ನು ಮಾಸ್ತರರು ಅಲ್ಲಿಯೇ ಕೂಡಿಸಿದರು. ಕಾಸಿಂಬಿ ಏಳಲಿಲ್ಲ, ಕಿವಿ ಮುಚ್ಚಿಕೊಳ್ಳಲಿಲ್ಲ. ಲಗಮವ್ವ ಹೇಳಿದ್ದನ್ನೆಲ್ಲ ಕಡೆಯವರೆಗೆ ಕೇಳಿದಳು. ಅಂದಿನಿಂದ ಲಗಮವ್ವನಿಗೆ ಸಾಲೆ ಎಂದರೆ ಹಬ್ಬ.

“ರವಿವಾರ ನಾ ಊರಿಗೆ ಹೋಗ್ತೇನಿ,” ಎಂದಳು ಕಾಸಿಂಬಿ.

“ಯಾವಾಗ ಬರ್ತಿ?”

“ಬರಂಗಿಲ್ಲ. ಹಿಂಗ ಉಣ್ಣದ, ನಿದ್ದಿ ಮಾಡದ ಇದ್ರ ಜಡ್ಡಿಗೆ ಬೀಳ್ತಿ ಅಂತಾರ ನಮ್ಮ ಅಬ್ಬಾ. ದಾದಿ ಹತ್ರ ಬಿಟ್ಟು ಬರ್ತಾರ. ಸಾಲೀನೂ ಅಲ್ಲೇ.”

“ನಿಮ್ಮ ಅಬ್ಬಾ, ಅಮ್ಮಿ?”

“ಅವರು ಇಲ್ಲೇ ಇರ್ತಾರ.” ಅಷ್ಟು ಹೇಳಿ ಕಾಸಿಂಬಿ ಮುಖ ಆ ಕಡೆ ತಿರುಗಿಸಿದಳು.

ಲಗಮವ್ವ ಕೈಯಲ್ಲಿದ್ದ ರೊಟ್ಟಿ ಕೆಳಗಿಟ್ಟಳು. ನೀರು ಕುಡಿದು ಗೆಳತಿಯ ಹತ್ತಿರ ಸರಿದಳು.

“ನಾಳೆ ಶನಿವಾರ. ಸಾಲಿ ಲಗೂನ ಬಿಡ್ತೈತಿ. ನಿನಗೊಂದು ಜಾಗಾ ತೋರಸ್ತೇನಿ. ಅಲ್ಲಿಗೆ ಹೋದ್ರ ಸಾಕು, ಎಂಥಾ ಬ್ಯಾಸರಿದ್ರೂ ಓಡಿ ಹೋಗ್ತೈತಿ. ಇಲ್ಲೀತನಕ ನಾ ಯಾರಿಗೂ ತೋರ್ಸಿಲ್ಲ. ಪ್ರಾಮಿಸ್!”

ಬದಾಮಿಯ ಹೊಂಡದ ಸುತ್ತ ಕೆಂಪು ಬಂಡೆಗಳು ಗೋಡೆಯಂತೆ ನಿಂತಿವೆ. ಹೊಂಡದ ತುದಿಯಲ್ಲಿರುವ ಹಳೆಯ ಗುಡಿ ದಾಟಿ ಸ್ವಲ್ಪ ಮೇಲೆ ಹತ್ತಿದರೆ ಬಂಡೆಯೊಳಗೊಂದು ಗೂಡು. ಇಬ್ಬರು ಕೂರಬಹುದು, ಮೂರನೆಯವರು ಬಂದರೆ ಒಬ್ಬರ ಕಾಲು ಹೊರಗೆ.

ಲಗಮವ್ವನ ಮನೆ ಒಂದೇ ಕೋಣೆಯದು. ತೊಟ್ಟಿಲ ಕೂಸು ಅಳುತ್ತದೆ, ವಯಸ್ಸಾದ ಮುತ್ಯಾ ಕೆಮ್ಮುತ್ತಾನೆ, ಬಾಗಿಲಲ್ಲಿ ಕಟ್ಟಿದ ಕುರಿಮರಿಗಳು ಒದರುತ್ತವೆ, ಬಾಜೂ ಮನೆಯ ರೇಡಿಯೋ ಇವರ ಮನೆಯಲ್ಲೇ ಹಾಡುತ್ತದೆ. ತಲೆ ಚಿಟ್ಟು ಹಿಡಿದಾಗ ಲಗಮವ್ವ ಈ ಗೂಡಿಗೆ ಓಡಿಬರುತ್ತಾಳೆ. ಇಲ್ಲಿ ಕುಳಿತ ಕೂಡಲೇ ಅವಳ ಎದೆ ಹಗುರಾಗುತ್ತದೆ. ಅಷ್ಟು ಮಾತಾಡುವ ಹುಡುಗಿಗೆ ಇಷ್ಟು ಮೌನ ಯಾಕೆ ಬೇಕು ಎಂದು ಕೇಳಬೇಡಿ. ಅದು ಅವಳಿಗೂ ಗೊತ್ತಿಲ್ಲ.

ಶನಿವಾರ ಮಧ್ಯಾಹ್ನದ ಬಿಸಿಲಲ್ಲಿ ಇಬ್ಬರೂ ಮೇಲೆ ಹತ್ತಿ ಗೂಡಿನಲ್ಲಿ ಕುಳಿತರು. ಕೆಳಗೆ ಹೊಂಡದ ಮೆಟ್ಟಿಲ ಮೇಲೆ ಯಾರೂ ಇರಲಿಲ್ಲ. ನೀರು ಅಲುಗದೆ ಬಿದ್ದಿತ್ತು.

“ಕೇಳು,” ಲಗಮವ್ವ ಪಿಸುಗುಟ್ಟಿದಳು. “ಏನರ ಕೇಳಸ್ತೈತೇನ?”

“ಇಲ್ಲ.”

“ಅದ ಮತ್ತ! ಏನೂ ಕೇಳಸಂಗಿಲ್ಲ!”

ಕಾಸಿಂಬಿ ಗೊಳೋ ಎಂದು ಅತ್ತುಬಿಟ್ಟಳು.

“ಇಡೀ ಊರ ಹಿಂಗೈತಿ! ರಾತ್ರಿ ಮಲಗಿದ್ರ ಒಂದ ಸದ್ದಿಲ್ಲ. ನನಗ ಅಂಜಿಕಿ ಬರ್ತೈತಿ.” ಅವಳು ಮೂಗು ಒರೆಸಿಕೊಂಡಳು. “ನಮ್ಮ ಓಣ್ಯಾಗ ಮನಿಗೊಂದು ಮಗ್ಗ. ನನ್ನ ಹಾಸಿಗಿ ದಾದಿ ಮಗ್ಗದ ಬಾಜೂಕ. ಊಟ ಆದಮ್ಯಾಲೂ ದಾದಿ ಕಂದೀಲು ಹಚ್ಚಿ ನೇಯ್ತಾಳ. ಹಗ್ಗ ಜಗ್ಗಿದ್ರ ಖಟ್ ಅಂತ ನೂಲಿನ ನಡುವ ಲಾಳಿ ಓಡ್ತೈತಿ. ಪಟ್ ಅಂತ ಹಲಗಿ ಬಡೀತೈತಿ. ಅದನ್ನ ಕೇಳ್ಕೋತ ನಾ ಮಲಗ್ತಿದ್ದೆ.”

ಅವಳು ಅಂಗೈಯಿಂದ ಬಂಡೆ ಬಡಿದು ತೋರಿಸಿದಳು. “ಖಟ್... ಪಟ್. ಖಟ್... ಪಟ್.” ಆಮೇಲೆ ಕೈ ನಿಂತಿತು. ಮುಖವನ್ನು ಮೊಣಕಾಲಲ್ಲಿ ಮುಚ್ಚಿಕೊಂಡಳು.

ನೀರಡಿಸಿ ಬಂದವಳಿಗೆ ಉಪ್ಪಿನಕಾಯಿ ಕೊಟ್ಟಂತಾಗಿತ್ತು. ತನಗೆ ಎಲ್ಲಕ್ಕಿಂತ ಪ್ರೀತಿಯ ಜಾಗ ಇವಳನ್ನು ಅಳಿಸುತ್ತದೆ ಎಂದು ಲಗಮವ್ವ ಕನಸಿನಲ್ಲೂ ಎಣಿಸಿರಲಿಲ್ಲ.

ರವಿವಾರ ಬೆಳಿಗ್ಗೆ ಲಗಮವ್ವನ ಅವ್ವ ಸಾವಂತ್ರವ್ವ ಬಟ್ಟೆಯ ಗಂಟು, ಬುತ್ತಿ ಹೊತ್ತು ಹೊಂಡಕ್ಕೆ ಹೊರಟಳು. ಲಗಮವ್ವ ಹಿಂದೆ ಕಾಲೆಳೆಯುತ್ತ ಹೋದಳು. ರವಿವಾರದ ಹೊಂಡ ಎಂದರೆ ಅವಳಿಗೆ ಆಗದು. ಮೆಟ್ಟಿಲ ತುಂಬ ಹೆಂಗಸರು, ಮಾತು, ಬಡಿತ, ಬೈಗುಳ.

“ಮಾರಿ ಯಾಕ ಕುಂಬಳಕಾಯಿ ಮಾಡಿ? ಧೋತರ ಹಿಂಡು,” ಎಂದಳು ಅವ್ವ.

ಲಗಮವ್ವ ಹಿಂಡಿದಳು. ಇಷ್ಟೊತ್ತಿಗೆ ಕಾಸಿಂಬಿ ಟ್ರಂಕು ತುಂಬಿರಬೇಕು. ಹುನಗುಂದದ ಬಸ್ಸು ಹತ್ತಿದರೆ ಮುಗಿಯಿತು, ಅಲ್ಲಿಂದ ಇಳಕಲ್ಲಿಗೆ ಬೇರೆ ಬಸ್ಸು. ಮತ್ತೆ ಒಂಟಿ ಬೆಂಚು.

ಒಬ್ಬೊಬ್ಬರಾಗಿ ಹೆಂಗಸರು ಗಂಟು ಕಟ್ಟಿಕೊಂಡು ಎದ್ದರು. ಕಡೆಗೆ ಅವ್ವ ಒಬ್ಬಳೇ ಉಳಿದಳು. ಮುತ್ಯಾನ ದಪ್ಪ ಧೋತರ ಎತ್ತಿ ಕಲ್ಲಿಗೆ ಬಡಿದಳು.

ಖಟ್.

ಎದುರಿನ ಕೆಂಪು ಬಂಡೆ ಅದನ್ನು ತಿರುಗಿ ಹೇಳಿತು.

ಪಟ್.

ಲಗಮವ್ವ ತಲೆ ಎತ್ತಿದಳು. ಹುಟ್ಟಿದಾಗಿನಿಂದ ಇದೇ ಊರು, ಇದೇ ಹೊಂಡ, ಇದೇ ಸದ್ದು. ಗದ್ದಲ ಗದ್ದಲ ಎಂದು ಮುಖ ಸಿಂಡರಿಸಿದ್ದೇ ಬಂತು, ಒಂದು ದಿನವೂ ಕಿವಿಗೊಟ್ಟಿರಲಿಲ್ಲ.

“ಯವ್ವಾ, ಇನ್ನೊಮ್ಮಿ ಬಡಿ!”

“ಮುಂಜಾನಿಂದ ಮತ್ತೇನು ಮಾಡಾಕತ್ತೇನಿ ನಾ?”

ಖಟ್... ಪಟ್.

ಧೋತರ, ಸೀರೆ ಎಲ್ಲ ಬಿಟ್ಟು ಲಗಮವ್ವ ಓಡಿದಳು.

ಕಾಸಿಂಬಿಯ ಮನೆ ಮುಂದೆ ಟ್ರಂಕು ಹೊರಗೆ ಬಂದಿತ್ತು. ಇಬ್ರಾಹಿಂಸಾಬ ಹಾಸಿಗೆ ಸುತ್ತಿ ಹಗ್ಗ ಕಟ್ಟುತ್ತಿದ್ದ. ಕಾಸಿಂಬಿ ಅಮ್ಮಿಯ ಸೆರಗು ಹಿಡಿದು ನಿಂತಿದ್ದಳು.

“ಕಾಕಾ, ಒಂದೀಟು ಹೊತ್ತು! ಈಗ ಬಂದ ಬಿಡ್ತೇವ್ರಿ!” ಲಗಮವ್ವ ಗೆಳತಿಯ ಕೈ ಹಿಡಿದು ಎಳೆದಳು.

“ಏ ಹುಡುಗಿ! ಬಸ್ಸಿನ ಟೈಮ್ ಆಗೈತಿ!” ಇಬ್ರಾಹಿಂಸಾಬ ಕೂಗುತ್ತಿದ್ದಂತೆಯೇ ಇಬ್ಬರೂ ಓಣಿ ತಿರುಗಿಬಿಟ್ಟರು.

ಆದರೆ ಹೊಂಡಕ್ಕೆ ಬಂದು ನೋಡಿದರೆ ಅವ್ವ ಬಟ್ಟೆಯನ್ನೆಲ್ಲ ಮೆಟ್ಟಿಲ ಮೇಲೆ ಒಣಹಾಕಿ ಕಾಲು ತೊಳೆಯುತ್ತಿದ್ದಳು. ಸದ್ದೇ ಇರಲಿಲ್ಲ. ಲಗಮವ್ವ ಹಿಂದೆಮುಂದೆ ನೋಡದೆ ಮುತ್ಯಾನ ಧೋತರ ಎಳೆದು ನೀರಿಗೆ ಅದ್ದಿದಳು.

“ಒಗದಿದ್ದನ್ನ ಮತ್ತ ಒಗೀತೀಯಾ? ದೆವ್ವ ಹೊಕ್ಕೈತೇನ ನಿನಗ?”

ಲಗಮವ್ವ ಬಡಿದಳು. ಬಡಬಡ ಬಡಿದಳು. ಈ ಕಡೆಯ ಸದ್ದು ಆ ಕಡೆಯ ಸದ್ದಿನ ಮೇಲೆ ಬಿದ್ದು ಎಲ್ಲ ಕಲಸಿಹೋಯಿತು.

ಕಾಸಿಂಬಿ ಮಾತ್ರ ಎದುರಿನ ಬಂಡೆಯನ್ನೇ ನೋಡುತ್ತಿದ್ದಳು.

“ಹಂಗಲ್ಲ,” ಎಂದಳು ಮೆಲ್ಲಗೆ. “ದಾದಿ ಅಷ್ಟು ಅವಸರ ಮಾಡಂಗಿಲ್ಲ. ಇಲ್ಲಿ ಕೊಡು.”

ಧೋತರ ಇಸಿದುಕೊಂಡಳು. ಒಮ್ಮೆ ಬಡಿದು, ಬಂಡೆ ಉತ್ತರ ಕೊಡುವವರೆಗೆ ತಡೆದಳು. ಮತ್ತೊಮ್ಮೆ ಬಡಿದಳು. ಮತ್ತೆ ತಡೆದಳು.

ಖಟ್... ಪಟ್. ಖಟ್... ಪಟ್. ಖಟ್... ಪಟ್.

ಹೊಂಡದ ಆಚೆ, ಬಂಡೆಯ ಒಳಗೆಲ್ಲೋ ಯಾರೋ ಕುಳಿತು ಸೀರೆ ನೇಯುತ್ತಿದ್ದರು. ಕಾಸಿಂಬಿಯ ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. ಕೈ ಮಾತ್ರ ನಿಲ್ಲಲಿಲ್ಲ.

ಏದುಸಿರು ಬಿಡುತ್ತ ಇಬ್ರಾಹಿಂಸಾಬ ಬಂದ. ಬೈಯಲೆಂದೇ ಬಂದಿದ್ದ. ಮೇಲಿನ ಮೆಟ್ಟಿಲಲ್ಲೇ ನಿಂತುಬಿಟ್ಟ.

“ನಮ್ಮ ಅಮ್ಮಾನ ಕೈ,” ಎಂದ. “ಖರೇನ ಅಮ್ಮಾನ ಕೈ.”

ಅವನು ನಿಧಾನವಾಗಿ ಕುಳಿತ. ಮೊಣಕಾಲ ಮೇಲಿದ್ದ ಅವನ ಬಲಗೈ ಇಲ್ಲದ ಲಾಳಿಯ ಹಗ್ಗವನ್ನು ಎಳೆಯುತ್ತಿತ್ತು. ಮಗ್ಗ ಬಿಟ್ಟು ಬಂದವನು ಕಾಸಿಂಬಿಯ ಅಪ್ಪನೂ ಅಲ್ಲವೇ ಎಂದು ಲಗಮವ್ವನಿಗೆ ಆಗ ನೆನಪಾಯಿತು.

ಬೈಯಲು ಬಾಯಿ ತೆರೆದಿದ್ದ ಸಾವಂತ್ರವ್ವ ಒಮ್ಮೆ ಅಪ್ಪನನ್ನು, ಒಮ್ಮೆ ಮಗಳನ್ನು ನೋಡಿದಳು. ಒಣಗಲು ಹಾಕಿದ್ದ ತನ್ನ ಸೀರೆಯನ್ನು ತೆಗೆದು ಕಾಸಿಂಬಿಯ ಮುಂದೆ ಇಟ್ಟಳು.

“ಇದನ್ನೂ ನಾಕು ಬಡಿ, ನನ್ನವ್ವಾ. ಹೊಲಸು ಇನ್ನೂ ಹೋಗಿಲ್ಲ.”

ಸೀರೆ ಮಲ್ಲಿಗೆಯಷ್ಟು ಶುಭ್ರವಾಗಿತ್ತು.

ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿಸಿತು. ಕಾಸಿಂಬಿಯ ಕೈ ತಡೆಯಿತು.

“ಅಬ್ಬಾ, ಬಸ್ಸು.”

“ಹೋಗ್ಲಿ ಬಿಡು. ದಾದಿ ಕೈ ಇಲ್ಲೂ ಐತಲ್ಲ. ಬರೂ ರವಿವಾರ ಎಲ್ಲಾರೂ ಕೂಡಿ ದಾದೀನ್ನ ಮಾತಾಡಿಸಿ ಬರೂಣು. ಎಲ್ಲಾರೂ ಕೂಡೇ ತಿರಗಿ ಬರೂಣು. ಆಗಬಹುದಾ?”

ಕಾಸಿಂಬಿ ಎದುರಿನ ಬಂಡೆ ನೋಡಿದಳು. ಆಮೇಲೆ ತಲೆಯಾಡಿಸಿದಳು.

“ಅಬ್ಬಾ, ಹಸಿವಾಗೈತಿ.”

ಸಾವಂತ್ರವ್ವ ಬುತ್ತಿ ಬಿಚ್ಚಿದಳು. ರೊಟ್ಟಿ, ಶೇಂಗಾ ಚಟ್ನಿ, ಒಂದು ಉಳ್ಳಾಗಡ್ಡಿ. ಕಾಸಿಂಬಿ ಗಬಗಬ ತಿಂದಳು. ಲಗಮವ್ವನ ಪಾಲಿನದೂ ಹೋಯಿತು.

ಅಂದು ಸಂಜೆ ಕೂಸು ಅಳಲು ಶುರುಮಾಡಿದಾಗ ಲಗಮವ್ವ ತನ್ನ ಗೂಡಿಗೆ ಬಂದಳು. ಬಂಡೆ ಇನ್ನೂ ಬೆಚ್ಚಗಿತ್ತು. ಕೆಳಗೆ ಮೆಟ್ಟಿಲ ಮೇಲೆ ಯಾರೋ ತಡವಾಗಿ ಬಟ್ಟೆ ಒಗೆಯುತ್ತಿದ್ದರು.

ನಿನ್ನೆಯಾಗಿದ್ದರೆ ಅವಳು ಕಿವಿ ಮುಚ್ಚಿಕೊಳ್ಳುತ್ತಿದ್ದಳು. ಇಂದು ಕಣ್ಣು ಮುಚ್ಚಿದಳು. ಮೊದಲ ಸದ್ದು ಬಂತು. ತಾನು ಎಂದೂ ನೋಡದ ಒಂದು ಮನೆ, ಕಂದೀಲು, ಮಗ್ಗದ ಬಾಜೂಕ ಒಂದು ಪುಟ್ಟ ಹಾಸಿಗೆ ಕಣ್ಣ ಮುಂದೆ ಬಂದವು. ಲಗಮವ್ವ ಉಸಿರು ಹಿಡಿದು ಎರಡನೆಯ ಸದ್ದಿಗಾಗಿ ಕಾದಳು.