ಒಳಮೈ ಕಾಣಿಸಿದ ಸೀರೆ

ಜಂಬುಲಿಂಗಪ್ಪನವರು ಮೊಳಕಾಲ್ಮುರಿನಿಂದ ಚಳ್ಳಕೆರೆಗೆ ಬಂದು ಬಾಗಿಲು ತಟ್ಟಿದಾಗ ವಕೀಲೆ ಮಂಗಳಗೌರಿಯವರು ಊಟಕ್ಕೆ ಕೂತಿದ್ದರು, ಎದುರಿಗೆ ರೇಣುಕಮ್ಮ. ಆ ಮನೆಯಲ್ಲಿ ಅವರಿಬ್ಬರೇ. ಒಬ್ಬರು ಮದುವೆಯ ಗೋಜಿಗೇ ಹೋಗದವರು, ಇನ್ನೊಬ್ಬಳು ಗಂಡನನ್ನು ಕಳೆದುಕೊಂಡು ಇವರ ಜೊತೆಗೆ ಬಂದು ನಿಂತವಳು. ಊರವರ ಬಗೆಹರಿಯದ ತಂಟೆಗಳೆಲ್ಲ ಕೋರ್ಟಿಗಿಂತ ಮೊದಲು ಈ ಮನೆಗೆ ಬರುತ್ತಿದ್ದವು, ಅದೂ ಸರಿಯಾಗಿ ಊಟದ ಹೊತ್ತಿಗೆ. ರೇಣುಕಮ್ಮನಿಗೆ ಅದೊಂದೇ ಸಿಟ್ಟು.

"ನನ್ನ ಮಾನ ಹೋಯ್ತು ಮೇಡಂ," ಎಂದರು ಜಂಬುಲಿಂಗಪ್ಪ.

ಅವರದು ರೇಷ್ಮೆ ಸೀರೆ ಅಂಗಡಿ. ಸೀರೆಗಳನ್ನು ತೋರಿಸಲು ಒಂದು ಮೊಬೈಲ್ ಆ್ಯಪ್ ಮಾಡಿಸಿದ್ದರು. ಮಾಡಿಕೊಟ್ಟವನು ಚಳ್ಳಕೆರೆಯ ಚಿರಂಜೀವಿ. ಒಂದು ಚಿತ್ರ ಬದಲಿಸಬೇಕಾದರೂ ಅವನೇ ಆ್ಯಪನ್ನು ಹೊಸದಾಗಿ ಕಟ್ಟಿ ಕಳಿಸಬೇಕಿತ್ತು. ಅಂಗಡಿಯಲ್ಲಿ ಆ್ಯಪಿನ ಕೆಲಸಕ್ಕಿದ್ದ ಹುಡುಗಿ ತ್ರಿವೇಣಿ ಹಟ ಹಿಡಿದು ಸಿಎಂಎಸ್ ಎಂಬ ವ್ಯವಸ್ಥೆ ಹಾಕಿಸಿದ್ದಳು. ಅದಿದ್ದರೆ ಅಂಗಡಿಯಲ್ಲಿ ಕೂತವರೇ ಚಿತ್ರ, ಬೆಲೆ, ಬರಹ ಬದಲಿಸಬಹುದು. ಸದ್ಯಕ್ಕೆ ಪರೀಕ್ಷೆಗೆ ಅಂತ ಹಾಕಿದ್ದು, ಉಳಿಸಿಕೊಳ್ಳುವುದೋ ಬೇಡವೋ ಇನ್ನೂ ತೀರ್ಮಾನವಾಗಿರಲಿಲ್ಲ.

"ಹುಬ್ಬಳ್ಳಿ ವ್ಯಾಪಾರಿ ಆ್ಯಪ್ ತೆಗೆದ್ರೆ ಮೊದಲ್ನೇ ಚಿತ್ರನೇ ಸೀರೆ ಒಳಮೈ, ಹಿಂದಿನ ಮಗ್ಗುಲು! ಎಳೆಎಳೆ ಕಾಣ್ತೈತೆ. ಬೆಲೆ ಇಲ್ಲ. ನಕ್ಕು ಫೋನಿಟ್ಟ. ಅಮಾವಾಸ್ಯೆ ಮಧ್ಯಾಹ್ನ ಬದಲಾಗೈತೆ, ತ್ರಿವೇಣಿ ಹೆಸರಲ್ಲಿ. ಅವಳನ್ನ ಮನೆಗೆ ಕಳಿಸ್ತೀನಿ, ಸಿಎಂಎಸ್ಸನ್ನೂ ಕಿತ್ತಾಕ್ತೀನಿ."

"ಒಂದು ದಿನ ತಡೀರಿ," ಎಂದರು ಮಂಗಳಗೌರಿ.

ಮರುದಿನ ಮಂಗಳಗೌರಿ, ರೇಣುಕಮ್ಮ ಇಬ್ಬರೂ ಬಸ್ಸಿನಲ್ಲಿ ಮೊಳಕಾಲ್ಮುರಿಗೆ ಹೋದರು. ಅಂಗಡಿಯಲ್ಲಿ ತ್ರಿವೇಣಿ ಅತ್ತು ಅತ್ತು ಕಣ್ಣು ಕೆಂಪಗೆ ಮಾಡಿಕೊಂಡು ಮೂಲೆಯಲ್ಲಿ ನಿಂತಿದ್ದಳು. ಅವಳ ದುಡಿಮೆಯ ಮೇಲೆಯೇ ಅವಳ ಅವ್ವನ ಸಂಸಾರ ನಿಂತಿತ್ತು. ಅವಳ ಜೊತೆ ಯಾರೂ ಮಾತಾಡುತ್ತಿರಲಿಲ್ಲ. ಅಂಥ ನಿಲುವು ರೇಣುಕಮ್ಮನಿಗೆ ಗೊತ್ತು, ಗಂಡ ಸತ್ತ ಮನೆಯಲ್ಲಿ ಅವಳೂ ಹಾಗೇ ನಿಂತಿದ್ದಳು. ಹೋಗಿ ಆ ಹುಡುಗಿಯ ಪಕ್ಕದಲ್ಲಿ ನಿಂತಳು.

"ಅಮಾವಾಸ್ಯೆಗೆ ನಾನು ನಾಯಕನಹಟ್ಟೀಲಿದ್ದೆ ಮೇಡಂ. ಫೋನಿಂದನೂ ಬದಲಾಯಿಸ್ಬಹುದು ಅಂತಾರೆ. ಏನ್ ಹೇಳ್ಲಿ?" ಎಂದಳು ತ್ರಿವೇಣಿ.

ಮಂಗಳಗೌರಿಯವರು ಅಂಗಡಿಯ ಟ್ಯಾಬ್ಲೆಟ್ಟಿನಲ್ಲಿ ಆ ಚಿತ್ರವನ್ನು ಹಿಗ್ಗಿಸಿ ನೋಡಿದರು. ಸೀರೆಯ ಕೆಳಗೆ ಅಂಗಡಿಯದೇ ಗಾದಿ, ಅದರ ಕೆಂಪು ಅಂಚು. ಜಂಬುಲಿಂಗಪ್ಪನವರ ಮಗ ವೀರೇಶನನ್ನು ಕೇಳಿದರು: "ಅಮಾವಾಸ್ಯೆ ದಿನ ಇಲ್ಲಿ ಯಾರಿರ್ತಾರೆ?"

"ಅವತ್ತು ಮಗ್ಗ ಮುಟ್ಟಲ್ಲ ಮೇಡಂ. ನೇಕಾರರು ಪೂಜೆಗೆ ಬಂದು ಹೋಗ್ತಾರೆ. ನಾವು ಊಟಕ್ಕೆ ಮನೆಗೆ ಹೋಗ್ತೀವಿ, ನಮ್ಮ ನೇಕಾರ ದೊಡ್ಡೀರಪ್ಪಜ್ಜ ಅಂಗಡಿ ನೋಡ್ಕೊಂತಾನೆ. ಅವನಿಗೆ ಮನೇಲಿ ಯಾರವ್ರೆ?"

"ಟ್ಯಾಬ್ಲೆಟ್?"

"ಸದಾ ತೆರೆದೇ ಇರ್ತೈತೆ. ತ್ರಿವೇಣಿ ಹೆಸರಲ್ಲೇ ಎಲ್ರೂ ಫೋಟೋ ಹಾಕ್ತೀವಿ. ನೇಕಾರರಿಗೂ ಅವಳೇ ಕಲಿಸವ್ಳೆ."

ಅಂಗಡಿಯ ಹಿತ್ತಲಿನಲ್ಲಿ ದೊಡ್ಡೀರಪ್ಪನ ಮಗ್ಗ. ಮಗ್ಗದ ಮೇಲಿದ್ದ ಸೀರೆಯಲ್ಲಿ ಬರೀ ಬಿಡಿ ಎಳೆಗಳೇ ಕಂಡು ರೇಣುಕಮ್ಮ, "ಇದೇನಜ್ಜ, ತಿರುಗುಮುರುಗು?" ಎಂದಳು. ಮುದುಕ ಲಾಳಿ ಎಸೆದ. ಪಕ್ಕದಲ್ಲಿ, ಲಾಳಿಯೊಳಗಿಡುವ ಕಂಡಿಕೆಗೆ ನೂಲು ಸುತ್ತುವ ರಾಟೆ ಇತ್ತು. ಅದರ ಮೇಲೆ ಧೂಳು ಕೂತಿತ್ತು.

ಸಂಜೆ ಮಂಗಳಗೌರಿಯವರು ಎಲ್ಲರನ್ನೂ ಗಾದಿಯ ಮೇಲೆ ಕೂರಿಸಿದರು. ಚಿರಂಜೀವಿಯನ್ನೂ ಕರೆಸಿದ್ದರು.

"ಸಿಎಂಎಸ್ ಹೋದ್ರೆ ಲಾಭ ಚಿರಂಜೀವಿಗೆ. ಮೊದಲು ಅವನ ಮೇಲೇ ಅನುಮಾನ ಬಂತು," ಎಂದು ಮಂಗಳಗೌರಿ ಶುರು ಮಾಡಿದರು. ಚಿರಂಜೀವಿ ಬೆವರೊರೆಸಿಕೊಂಡ. "ಆದ್ರೆ ಚಿತ್ರ ತೆಗೆದಿದ್ದು ಈ ಗಾದಿ ಮೇಲೆ. ಅವತ್ತು ಅವನೂ ಇಲ್ಲಿರ್ಲಿಲ್ಲ, ತ್ರಿವೇಣಿನೂ ಇರ್ಲಿಲ್ಲ. ಇನ್ನು ಕೆಡಿಸೋಕೆ ಅಂತ ಮಾಡೋನು ಮೂರು ಕಾಸಿನ ಬೆಲೆ ಹಾಕಿ ಮರ್ಯಾದೆ ತೆಗೀತಿದ್ದ. ಇದನ್ನ ಹಾಕಿದೋರು ಬೆಲೆನೇ ಹಾಕಿಲ್ಲ. ಅಂದ್ರೆ ಸೀರೆ ಮಾರೋಕಲ್ಲ."

"ಮತ್ತೆ ಒಳಮೈ ಯಾಕೆ?" ಎಂದರು ಜಂಬುಲಿಂಗಪ್ಪ.

"ವೀರೇಶ ನಿದ್ದೇಲಿ ಹಾಸಿದ್ರೂ ಹೊರಮೈನೇ ಹಾಸ್ತಾನೆ. ವ್ಯಾಪಾರದ ಕೈ ಅದು. ಹಿತ್ತಲ ಮಗ್ಗದಲ್ಲಿ ಒಳಮೈ ಮೇಲೆ ಮಾಡಿ ನೇಯ್ತಾರೆ. ನೇಯೋನು ದಿನವೆಲ್ಲ ನೋಡೋದು ಆ ಮೈಯನ್ನೇ. ಅವನಿಗೆ ಸೀರೆ ಮುಖ ಅಂದ್ರೆ ಅದೇ. ಅವತ್ತು ಮಧ್ಯಾಹ್ನ ಇಲ್ಲಿದ್ದಿದ್ದು ನೀವೊಬ್ಬರೇ, ಹೌದಲ್ವಾ ಅಜ್ಜ?"

ದೊಡ್ಡೀರಪ್ಪ ಎದ್ದು ನಿಂತ.

"ನಂದೇ ತಪ್ಪು, ಧಣೇರ. ಹುಡುಗೀನ ಬಿಟ್ಟುಬಿಡ್ರಿ. ಅದು ನನ್ನಾಕೆ ಕಂಡಿಕೆ ಸುತ್ತಿಕೊಟ್ಟ ಕಡೇ ಸೀರೆ. ಮಾರಾಕೆ ಮನಸಾಗಲಿಲ್ಲ. ಮನೇಲಿ ಹಾಸಿದ್ರೆ ನೋಡೋರು ಯಾರು? ನಾಕು ಜನ ನೋಡ್ಲಿ ಅಂತ ಹಾಕ್ದೆ. ನಿಮಗೆ ಇಷ್ಟೆಲ್ಲ ಆಗ್ತೈತೆ ಅಂತ ಗೊತ್ತಿರ್ಲಿಲ್ಲ."

ಮಂಗಳಗೌರಿಯವರು ಮೆತ್ತಗೆ ಹೇಳಿದರು: "ಸಿಎಂಎಸ್ ಇರ್ಲಿ. ದಿನಾ ಸೀರೆ ಬದಲಾಗೋ ಅಂಗಡಿಗೆ ಅದು ಬೇಕು. ಆದ್ರೆ ಒಬ್ಬೊಬ್ಬರಿಗೆ ಅವರವರದೇ ಹೆಸರು ಕೊಡಿ. ಒಬ್ಬರು ಹಾಕಿದ್ದನ್ನ ಇನ್ನೊಬ್ಬರು ನೋಡಿದ ಮೇಲೇ ಆ್ಯಪಿಗೆ ಹೋಗ್ಲಿ."

ಜಂಬುಲಿಂಗಪ್ಪ ತಲೆ ತಗ್ಗಿಸಿ, "ನಾಳೆಯಿಂದ ನಿನ್ನ ಕೆಲಸ ನೋಡ್ಕೊಳವ್ವ," ಎಂದು ತ್ರಿವೇಣಿಗೆ ಹೇಳಿದರು.

ಅವಳು ಆ ಚಿತ್ರ ತೆಗೆದುಹಾಕಲು ಟ್ಯಾಬ್ಲೆಟ್ ಕೈಗೆತ್ತಿಕೊಂಡಳು. ದೊಡ್ಡೀರಪ್ಪ ಹತ್ತಿರ ಬಂದ.

"ಎಷ್ಟು ಜನ ನೋಡಿದ್ರವ್ವ?"

ಹೊರಗಿನಿಂದ ನೋಡಿದವರ ಲೆಕ್ಕ ಪರದೆಯ ಮೂಲೆಯಲ್ಲೇ ಇತ್ತು. ರೇಣುಕಮ್ಮ ಇಣುಕಿದಳು. ಒಬ್ಬರು. ಹುಬ್ಬಳ್ಳಿಯ ಆ ವ್ಯಾಪಾರಿ ಬಿಟ್ಟರೆ ಯಾರೂ ಇಲ್ಲ.

"ತುಂಬ ಜನ ಅಜ್ಜ," ಎಂದಳು ತ್ರಿವೇಣಿ.

"ಏನಂದ್ರು?"

ತ್ರಿವೇಣಿ ಮಂಗಳಗೌರಿಯವರ ಕಡೆ ನೋಡಿದಳು. ಅವರು ಬೀದಿಯ ಕಡೆ ಮುಖ ತಿರುಗಿಸಿದರು.

"ಕಂಡಿಕೆ ಸುತ್ತಿದ್ದು ಯಾರು ಅಂತ ಕೇಳಿದ್ರಜ್ಜ," ಎಂದಳು ರೇಣುಕಮ್ಮ.

ಮುದುಕ ಅವಳನ್ನೇ ನೋಡಿದ. ಹೆಗಲ ಮೇಲಿನ ವಲ್ಲಿಯಿಂದ ಮುಖ ಒರೆಸಿಕೊಂಡ.

"ಲಕ್ಷ್ಮೀದೇವಿ ಅಂತ ಹೇಳ್ಬೇಕಿತ್ತವ್ವ," ಎಂದ.